ಏರಿದವರು ಇಳಿಯುವ ತನಕ ಅನಸುಬಾಯಿಗೆ ಊಟವಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿಂಚೋಳಿ ಕಾಡಂಚಿನ ಗವಿಗುಡ್ಡದ ಬುಡದಲ್ಲಿ ಅನಸುಬಾಯಿ ಸೀರೆ ಎತ್ತಿ ಕಟ್ಟಿಕೊಂಡು ಒಂದು ಗುಂಡುಕಲ್ಲಿಗೆ ಸುಣ್ಣ ಬಳಿಯುತ್ತಿದ್ದಾರೆ. ಈಚಲ ಕಡ್ಡಿಯ ತುದಿ ಜಜ್ಜಿ ಮಾಡಿದ ಕುಂಚ, ಪಕ್ಕದಲ್ಲಿ ಸೊಟ್ಟ ಬಕೀಟು. ಎದುರಿನ ಮುಖ ಮುಗಿಸಿ, ಸುತ್ತು ಹಾಕಿ ಬಂದು ಕಲ್ಲಿನ ಬೆನ್ನಿಗೂ ಬಳಿಯುತ್ತಾರೆ. “ಏರೋರಿಗೆ ಕಾಣೋದು ಇಳಿಯೋರಿಗೆ ಕಾಣಂಗಿಲ್ರಿ. ಹೋಗೋ ದಾರಿನೇ ಬ್ಯಾರೆ, ಬರೋ ದಾರಿನೇ ಬ್ಯಾರೆ. ಎರಡೂ ಕಡಿ ಹಚ್ಚಬೇಕು” ಎನ್ನುತ್ತಾರೆ, ಕುಂಚ ಕೊಡವುತ್ತ.

ಮೊದಲ ಬಸ್ಸಿನಿಂದ ಇಬ್ಬರು ಇಳಿಯುತ್ತಾರೆ. ಸೇಡಂನ ಸಂಗಮೇಶ್ವರ, ಅವರ ಹೆಂಡತಿ ಭಾಗ್ಯಶ್ರೀ. ನೌಕರಿಯಿಂದ ನಿವೃತ್ತರಾದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಬೆನ್ನಿಗೆ ಹಾಕುವ ಎರಡು ದೊಡ್ಡ ಬ್ಯಾಗು ಕೊಂಡದ್ದು. ಮಳಖೇಡದ ಕೋಟೆ ನೋಡಿದ್ದಾಯಿತು, ಚಿತ್ತಾಪುರದ ಕಡೆ ನಾಗಾವಿ ಸುತ್ತಿದ್ದಾಯಿತು, ಈಗ ಗುಡ್ಡದ ಮೇಲಿನ ಹಾಳು ಗವಿಗಳು. ಭಾಗ್ಯಶ್ರೀಯವರಿಗೆ ನಗು ತಡೆಯದು. “ಲಗ್ನ ಆದ ಹೊಸದಾಗಿ ಊರೂರು ತಿರುಗಸ್ತೀನಿ ಅಂದಿದ್ರು. ನನ್ನ ಮೊಳಕಾಲು ಹೋದ ಮ್ಯಾಲ ನೆನಪಾಗ್ಯಾದ ನೋಡ್ರಿ ಇವರಿಗೆ!”

ಅನಸುಬಾಯಿ ನಗುವುದಿಲ್ಲ. ಗುಡ್ಡ ಹತ್ತುವವರ ಮುಂದೆ ಅವರು ನಗುವುದೇ ಕಡಿಮೆ. “ಅಕ್ಕೋರ, ಬಿಳಿ ಕಲ್ಲು ಬಿಟ್ಟು ಹೆಜ್ಜಿ ಇಡಬ್ಯಾಡ್ರಿ. ಮ್ಯಾಲ ಫೋನು ಹತ್ತಂಗಿಲ್ಲ. ಬಿಳಿ ಕಲ್ಲು ಮುಂದ ಕಾಣವಲ್ಲವು ಅಂದ್ರ ಅಲ್ಲೇ ಕುಂತುಬಿಡ್ರಿ, ನಾ ಬರ್ತೀನಿ. ಇಳದ ಮ್ಯಾಲ ನಂಗ ಹೇಳೇ ಹೋಗ್ರಿ.”

“ಆಯ್ತವ್ವ ತಾಯಿ, ಸಣ್ಣ ಹುಡುಗರೇನು ನಾವು?” ಎಂದು ಸಂಗಮೇಶ್ವರ ಆಗಲೇ ಮುಂದೆ ನಡೆದಿರುತ್ತಾರೆ. ಬಿಸಿಲೇರುವ ಹೊತ್ತಿಗೆ ಇಳಿದು ಬರುತ್ತೇವೆ ಎಂಬುದು ಅವರ ಲೆಕ್ಕ.

ಗುಡ್ಡದ ನೆತ್ತಿಯಲ್ಲಿ ಬಂಡೆ ಕೊರೆದು ಮಾಡಿದ ಸಾಲು ಕೋಣೆಗಳಿವೆ. ಮುಂದೆ ಚಾವಣಿ ಕುಸಿದ ಕಂಬದ ಮಂಟಪ. ಯಾವ ಕಾಲದ್ದೆಂದು ಕೇಳಿದರೆ ಅನಸುಬಾಯಿಯ ಉತ್ತರ ಒಂದೇ: “ನಮ್ಮ ಅಜ್ಜಿಗೂ ಅದು ಹಳೇದೇ ಇತ್ತಂತ್ರಿ.” ಕಾಲೇಜು ಹುಡುಗರು ಬರುತ್ತಾರೆ, ಫೋಟೊದವರು ಬರುತ್ತಾರೆ. ಬೋರ್ಡಿಲ್ಲ, ಕಾವಲಿಲ್ಲ. ಇರುವುದು ಈ ಬಿಳಿ ಕಲ್ಲುಗಳು ಮಾತ್ರ, ಅವನ್ನು ಬಿಳಿ ಮಾಡು ಎಂದು ಯಾರೂ ಅನಸುಬಾಯಿಗೆ ಹೇಳಿದ್ದಲ್ಲ.

ಗಂಡ ಭಗವಂತ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುತ್ತಿದ್ದವರು. ಹಾಸುಗಲ್ಲೊಂದು ಕಾಲ ಮೇಲೆ ಬಿದ್ದ ಮೇಲೆ ಊರಿಗೆ ಬಂದು ಕುಳಿತರು. ಗುಡ್ಡದ ಬುಡದ ಬೇವಿನ ಮರದಡಿ ಇಬ್ಬರೂ ಚಹಾದ ಒಲೆ ಹೂಡಿದರು. ಅದೇ ವರ್ಷ ಮೇಲೆ ಹೋದ ಒಬ್ಬಳು ಹುಡುಗಿ ದಾರಿ ತಪ್ಪಿ, ಮಾರನೆಯ ದಿನ ಬಾಯಿ ಒಣಗಿ ಮಾತೇ ಹೊರಡದ ಸ್ಥಿತಿಯಲ್ಲಿ ಸಿಕ್ಕಳು. ಆಕೆಗೆ ನೀರು ಕುಡಿಸಿದ ಅನಸುಬಾಯಿ ಮನೆಗೆ ಹಚ್ಚಿ ಉಳಿದಿದ್ದ ಸುಣ್ಣ ಎತ್ತಿಕೊಂಡು ಗುಡ್ಡ ಹತ್ತಿದರು. ಅಂದು ಹಿಡಿದ ಕುಂಚ ಇಂದಿಗೂ ಬಿಟ್ಟಿಲ್ಲ. ಸುಣ್ಣಕ್ಕೆ ಬೆರಳುಗಳು ಬಿರಿದಿವೆ. ಮಳೆಗೆ ತೊಳೆದು ಹೋಗಬಾರದೆಂದು ಸುಣ್ಣಕ್ಕೆ ಬೇವಿನ ಅಂಟು ಕದಡುವುದು ಅವರೇ ಕಂಡುಕೊಂಡ ಉಪಾಯ.

ಇನ್ನೊಂದು ಪದ್ಧತಿ ಯಾರೂ ಹೇಳಿಕೊಟ್ಟದ್ದಲ್ಲ. ಏರಿದವರು ಇಳಿಯುವ ತನಕ ಅವರು ಉಣ್ಣುವುದಿಲ್ಲ. ಭಗವಂತರಿಗೆ ಇದು ದಿನದ ಜಗಳ. “ಹೋದ ಐತವಾರ ಹುಡುಗರು ಆ ಕಡಿಂದ ಇಳದು ಗಾಡಿ ಹತ್ತಿ ಹೋಗ್ಯಾರ. ಇಕಿ ಕತ್ತಲಾಗೋ ತನಕ ಗುಡ್ಡದ ಮ್ಯಾಲ ಒದರ್ಕೋತ ತಿರುಗ್ಯಾಳ. ಯಾರಿಗ್ರಿ ಬೇಕು ಇದು?”

ಇವತ್ತೂ ಹಾಗೆಯೇ ಆಗಿರಬಹುದು. ಬಿಸಿಲು ನೆತ್ತಿಗೆ ಬಂದು ಇಳಿಯುತ್ತಿದೆ, ಗಂಡ ಹೆಂಡತಿ ಇಳಿದಿಲ್ಲ. ಪಡುವಣದಲ್ಲಿ ಮಿರಗದ ಮಳೆಯ ಮೋಡ ಕಪ್ಪಾಗುತ್ತಿದೆ. ಅನಸುಬಾಯಿ ಒಲೆಯ ಮುಂದೆ ಕೂರುತ್ತಾರೆ, ಏಳುತ್ತಾರೆ, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾರೆ. ರೊಟ್ಟಿಯ ಗಂಟು ಬಿಚ್ಚಿಲ್ಲ.

“ಹೋಗಿರ್ತಾರ ಬಿಡು. ದೊಡ್ಡೋರಿದ್ದಾರ” ಎನ್ನುತ್ತಾರೆ ಭಗವಂತ.

“ಅಕ್ಕೋರು ಹೇಳದೆ ಹೋಗೋರಲ್ರಿ.”

“ಎರಡ ಮಾತ ಆಡಿದ್ದಕ್ಕ ನಿಂಗ ಗೊತ್ತಾತೇನು?”

ಗುಡುಗು ಉರುಳುತ್ತದೆ. ಅನಸುಬಾಯಿ ತಾವು ಬಳಿದ ಕಲ್ಲುಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಏರುತ್ತಾರೆ. ಆಲದ ತಿರುವು, ಹುತ್ತದ ಏರು, ಕಂಬದ ಮಂಟಪ. ಮಂಟಪದ ಹತ್ತಿರ ಬಂದೊಡನೆ ತಟ್ಟನೆ ಎದ್ದು ನಿಲ್ಲುತ್ತಾರೆ. “ಅಯ್ಯಯ್ಯ, ಏನ ಮಾಡಿಟ್ಟೆ ನಾ!”

ಆದದ್ದು ಇಷ್ಟು. ಪ್ರತಿ ಬುದ್ಧ ಪೂರ್ಣಿಮೆಯ ಸಂಜೆ ಅವರ ಓಣಿಯ ಹೆಂಗಸರು ಬಿಳಿ ಸೀರೆ ಉಟ್ಟು ಗುಡ್ಡಕ್ಕೆ ಹೋಗುತ್ತಾರೆ. ಮಂಟಪದ ಹಿಂದೆ, ಕೊಳ್ಳದ ಅಂಚಿನಲ್ಲಿ ಕಮಲ ಕೆತ್ತಿದ ಒಂದು ಒಡೆದ ಕಲ್ಲಿದೆ. ಅದರ ಮುಂದೆ ಮೇಣಬತ್ತಿ ಹಚ್ಚಿ ವಂದನೆ ಹೇಳಿ ಬರುತ್ತಾರೆ. ಮುದುಕಿಯರ ಕಾಲು ಜಾರದಿರಲೆಂದು ಅನಸುಬಾಯಿ ಆ ದಾರಿಗೂ ಸುಣ್ಣ ಹಚ್ಚುತ್ತಾರೆ. ಮರುದಿನ ತಪ್ಪದೆ ಹೋಗಿ ಆ ಕಲ್ಲುಗಳಿಗೆ ಅಂಟು ಕದಡಿದ ಕೆಸರು ಮೆತ್ತಿ ಬಿಳುಪು ಮುಚ್ಚುತ್ತಾರೆ. ಏಕೆಂದರೆ ಕಮಲದ ಕಲ್ಲಿನ ಆಚೆ ದಾರಿಯೇ ಇಲ್ಲ, ನೆಟ್ಟಗೆ ಕೊಳ್ಳ.

ಈ ವರ್ಷ ಮುಚ್ಚಲಿಲ್ಲ. ಬೆಳದಿಂಗಳಲ್ಲಿ ಓಣಿಯಿಂದ ನೋಡಿದರೆ ಆ ಬಿಳಿ ಸಾಲು ಗುಡ್ಡಕ್ಕೆ ಮಾಲೆ ಹಾಕಿದ ಹಾಗೆ ಕಾಣುತ್ತಿತ್ತು. ಇರಲಿ ಬಿಡವ್ವ, ಭಾಳ ಚಂದ ಕಾಣ್ತದ ಎಂದರು ಎಲ್ಲರೂ. ಅನಸುಬಾಯಿಗೂ ಹಿಗ್ಗು. ಮಳೆ ಬಂದರೆ ತಾನೇ ತೊಳೆಯುತ್ತದೆ ಅಂದುಕೊಂಡರು. ಮೊನ್ನೆ ಒಂದು ಮಳೆ ಬಂತು ಕೂಡ. ಅಂಟು ಕದಡಿದ ಸುಣ್ಣ, ಎಲ್ಲಿ ಹೋದೀತು? ಏರುವವರಿಗೆ ಆ ಸಾಲು ಮಂಟಪದ ಮರೆಯಲ್ಲಿರುತ್ತದೆ. ಇಳಿಯಲು ತಿರುಗಿದವರಿಗೆ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.

ಗೋಣಿಚೀಲದ ಕೊಪ್ಪೆ ಹೊದ್ದು ಅನಸುಬಾಯಿ ಓಡುತ್ತಾರೆ. ಮಳೆ ಹನಿಯುವುದಲ್ಲ, ಸುರಿಯುತ್ತದೆ. “ಅಕ್ಕೋರ... ಓ ಸರ...” ಕೂಗಿಗೆ ಉತ್ತರವಿಲ್ಲ. ಮಂಟಪ ಖಾಲಿ. ಹಿಂದಿನ ಸಾಲು ಮಳೆಯಲ್ಲಿ ತೊಳೆದಿಟ್ಟಂತೆ ಬೆಳ್ಳಗಿದೆ. ತಾವೇ ಹಚ್ಚಿದ ಒಂದೊಂದು ಕಲ್ಲಿನ ಬಳಿಯೂ ನಿಂತು ಸುತ್ತ ನೋಡುತ್ತಾರೆ. ಈ ಕಲ್ಲಿನ ಹತ್ತಿರವಾದರೂ ಇರಲಿ, ಇದರ ಹತ್ತಿರವಾದರೂ ಇರಲಿ ಎಂದು ಬೇಡಿಕೊಳ್ಳುತ್ತಲೇ ಇಳಿಯುತ್ತಾರೆ. ಯಾರೂ ಇಲ್ಲ.

ಕೊನೆಯ ಕಲ್ಲಿನ ಬಳಿ ಒಂದು ಪ್ಲಾಸ್ಟಿಕ್ ಹಾಳೆ ಪಟಪಟ ಬಡಿದುಕೊಳ್ಳುತ್ತಿದೆ. ಅದರ ಕೆಳಗೆ ಇಬ್ಬರೂ ಮುದುಡಿ ಕುಳಿತಿದ್ದಾರೆ. ಭಾಗ್ಯಶ್ರೀ ಗಂಡನ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದಾರೆ.

ಸಂಗಮೇಶ್ವರರ ಮುಖ ಬಿಳಿಚಿಕೊಂಡಿದೆ. ದಾರಿ ಹುಡುಕುತ್ತೇನೆಂದು ಒಂದು ಕಾಲು ಮುಂದಿಟ್ಟರಂತೆ. ಕಾಲಡಿಯ ಕಲ್ಲು ಜಾರಿ ಹೋಯಿತು, ಅದು ಕೆಳಗೆ ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿತು. ಹೆದರಿಕೆಯೆಲ್ಲ ಈಗ ಸಿಟ್ಟಾಗಿದೆ. “ಇಲ್ಲಿ ಸುಣ್ಣ ಹಚ್ಚಿದ ಬೇಕೂಫ ಯಾರ್ರೀ? ಜೀವಾನೇ ಹೋಗ್ತಿತ್ತು ನಮ್ದು!”

ಯಾರೋ ಹುಡುಗರು ಎಂದು ಹೇಳಿಬಿಡಬಹುದಿತ್ತು. ಕೇಳುವವರು ಯಾರಿದ್ದರು ಅಲ್ಲಿ?

“ನಾನ್ರಿ ಸರ” ಎನ್ನುತ್ತಾರೆ ಅನಸುಬಾಯಿ. “ಹಚ್ಚಿದಾಕಿ ನಾನೇ. ಅಳಸದೆ ಬಿಟ್ಟಾಕಿನೂ ನಾನೇ.” ಅಷ್ಟು ಹೇಳಿ ಕೆಸರಲ್ಲೇ ಕುಸಿದು ಕುಳಿತು ಅಳುತ್ತಾರೆ.

ಭಾಗ್ಯಶ್ರೀ ಪಟ್ಟಿ ಬಿಟ್ಟು ಅನಸುಬಾಯಿಯ ಕೈ ಹಿಡಿಯುತ್ತಾರೆ. “ಹಚ್ಚಿದೋರೂ ನೀವೇ ಖರೆ. ಬಿಳಿ ಕಲ್ಲು ಮುಗದ್ರ ಕುಂದ್ರಿ, ನಾ ಬರ್ತೀನಿ ಅಂದೋರೂ ನೀವೇ ಅಲ್ರಿ? ಇವರು ಹೋಗೇಬಿಡೂಣು ಅಂದ್ರು. ಆ ಬಾಯಿ ಬರ್ತಾಳ, ಕುಂದ್ರಿ ಅಂತ ಜಗ್ಗಿ ಕುಂದರಿಸೀನಿ. ಏಳ್ರಿ, ಮಳ್ಯಾಗ ಅಳಬ್ಯಾಡ್ರಿ.”

ಮೂವರೂ ಕೈಕೈ ಹಿಡಿದು ಇಳಿಯುವಷ್ಟರಲ್ಲಿ ಕೊನೆಯ ಬಸ್ಸು ಬಂದು ನಿಂತಿದೆ. ಹತ್ತಿದ ಭಾಗ್ಯಶ್ರೀ ಕಂಡಕ್ಟರನನ್ನು ತಡೆದು ಮತ್ತೆ ಮೆಟ್ಟಿಲಿಗೆ ಬರುತ್ತಾರೆ. “ಬಾಯಾರ, ಇಳದೇವ್ರೀ! ಹೊಂಟೇವ್ರೀ!” ಅವರ ಹೆಗಲ ಹಿಂದಿನಿಂದ ಸಂಗಮೇಶ್ವರರೂ ಕೈ ಎತ್ತುತ್ತಾರೆ. ಬೇವಿನ ಮರದಡಿ ಭಗವಂತ ರೊಟ್ಟಿಯ ಗಂಟು ಮುಂದೆ ಸರಿಸುತ್ತಾರೆ. ಅವರೂ ಉಂಡಿಲ್ಲ ಎಂಬುದು ಅನಸುಬಾಯಿಗೆ ಆಗಷ್ಟೇ ಗೊತ್ತಾಗುತ್ತದೆ.

ಮರುದಿನ ಬೆಳಗಿನ ಜಾವ ಅದೇ ಸೊಟ್ಟ ಬಕೀಟಿನಲ್ಲಿ ಅಂಟು ಕದಡಿದ ಕೆಸರು ತುಂಬಿದೆ. ಕಮಲದ ಕಲ್ಲಿನಿಂದ ಶುರುಮಾಡಿ ಮಂಟಪದ ತನಕ ಒಂದೊಂದೇ ಕಲ್ಲಿನ ಬಿಳುಪು ಮುಚ್ಚುತ್ತ ಅನಸುಬಾಯಿ ಮೇಲೆ ಬರುತ್ತಾರೆ. ಮುಂದಿನ ಬುದ್ಧ ಪೂರ್ಣಿಮೆಗೆ ಏನು ಮಾಡುತ್ತೀರಿ ಎಂದರೆ, ಸುಣ್ಣ ಬೇಡವೇ ಬೇಡ, ಮುದುಕಿಯರ ಕೈ ಹಿಡಿದೇ ಕರೆದೊಯ್ಯುತ್ತೇನೆ ಎನ್ನುತ್ತಾರೆ. ನಿಮಗೆ ಏನಾದರೂ ಬೇಕೇ ಎಂದು ಕೇಳಿದರೆ ಬಕೀಟು ಕೆಳಗಿಡುತ್ತಾರೆ.

“ಏನ ಬ್ಯಾಡ್ರಿ. ಏರೋರು ಹೇಳಿ ಏರ್ಲಿ. ಇಳದೋರು, ಇಳದೇವಬೇ ಅಂತ ಒಂದು ಮಾತು ಒದರಿ ಹೋಗ್ಲಿ.” ಕೆಸರಿನ ಕೈ ಒರೆಸಿಕೊಂಡು ಗುಡ್ಡದ ಕಡೆ ನೋಡುತ್ತಾರೆ. “ಹಂಗಂದ್ರ ನಾವಿಬ್ಬರೂ ಉಂಡೇವು.”