ಇಂಟರ್ವಲ್ ಆದ ಮೇಲಿನ ಕಥೆ

ಹಲ್ಲಿನಿಂದ ದಾರ ಕಡಿಯುವ ಸದ್ದು. ಟಿಕ್. ಅಷ್ಟೇ. ಗಡಿಯಾರದ ಸದ್ದಿಗಿಂತ ಸಣ್ಣದು, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಿಸುವಂಥದ್ದು. ಆದರೆ ಸಿರುಗುಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಆ ಸದ್ದು ಬಂತೆಂದರೆ ಏಳೆಂಟು ಹೆಂಗಸರು ಒಟ್ಟಿಗೇ ಉಸಿರು ಬಿಡುತ್ತಿದ್ದರು. ಇಂಟರ್ವಲ್ ಆಯಿತು ಎಂದು ಅರ್ಥ.

ಹೋದ ಶನಿವಾರ ಸಂಜೆ ಅದು ಮತ್ತೆ ಕೇಳಿಸಿತು. ಬಳ್ಳಾರಿಯಲ್ಲಿ ನನ್ನ ತಂಗಿಯ ಮಗಳ ಮನೆಯಲ್ಲಿದ್ದೆ. ಕಾಲೇಜಿಗೆ ಹೋಗುವ ಅವಳ ಇಬ್ಬರು ಹುಡುಗಿಯರು "ಅಜ್ಜಿ, ಇವತ್ತ ಎಯ್ಟೀಸ್ ನೈಟ್, ನೀನೇ ಚೀಫ್ ಗೆಸ್ಟ್" ಎಂದು ನನ್ನನ್ನು ಸೋಫಾದ ನಡುವೆ ಕೂರಿಸಿದರು. ಮೇಲೊಂದು ರಜಾಯಿ, ಮಡಿಲಲ್ಲಿ ಪಾಪ್‌ಕಾರ್ನ್. ಬಳ್ಳಾರಿಯಲ್ಲಿ ರಜಾಯಿ ಹೊದೆಯಬೇಕೆಂದರೆ ಮೊದಲು ಎಸಿ ಹಾಕಬೇಕು, ಆ ಮಾತು ಬೇರೆ. ಯಾವುದೋ ಹಳೆಯ ತೆಲುಗು ಪಿಕ್ಚರ್ ಹಾಕಿದರು. ಮೊದಲನೇ ಸೀನಿಗೇ ನನಗೆ ಗುರುತು ಸಿಕ್ಕಿತು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

ಅರ್ಧಕ್ಕೆ ಬಂದಾಗ, ಅಣ್ಣ ಮನೆಯಿಂದ ಹೊರಗೆ ಹಾಕಿದ ತಂಗಿ ರೈಲ್ವೆ ಪ್ಲಾಟ್‌ಫಾರ್ಮ್ ಮೇಲೆ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ದೂರದಲ್ಲಿ ರೈಲಿನ ದೀಪ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಇಂಟರ್ವಲ್ ಎಂದು ಬಿತ್ತು. ಹಳೆಯ ಪ್ರಿಂಟನ್ನು ಹಾಗೇ ಹಾಕಿದ್ದರು. ಚಿಕ್ಕವಳು ಅಲ್ಲಿಗೇ ನಿಲ್ಲಿಸಿ ಕೇಳಿದಳು. "ಅಜ್ಜಿ, ನೀನು ನೋಡಿಯಲ್ಲ ಇದನ್ನ? ಮುಂದ ಏನಾಗ್ತೈತಿ?"

ಟಿಕ್...

ನಾನು ಬಳ್ಳಾರಿಯ ಹುಡುಗಿ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಕಲಿತವಳು. ಮದುವೆಯಾಗಿ ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಗೆ ಸೊಸೆಯಾಗಿ ಹೋದೆ. ದೊಡ್ಡ ಮನೆ, ಬೇಯಿಸಿದ ಭತ್ತದ ವಾಸನೆ, ಎಷ್ಟು ಒರೆಸಿದರೂ ಕಿಟಕಿಯ ಮೇಲೆ ತೌಡಿನ ಧೂಳು. ಆ ಮನೆಯ ಹೆಂಗಸರು ಟಾಕೀಸಿಗೆ ಹೋಗುವಂತಿರಲಿಲ್ಲ. ಮಾವನವರು ತೀರಿಕೊಂಡಿದ್ದರೂ ಅವರ ರೂಲ್ ತೀರಿಕೊಂಡಿರಲಿಲ್ಲ. ನನ್ನ ಅತ್ತೆ ಅರವತ್ತು ದಾಟಿದ್ದರು, ಒಂದೇ ಒಂದು ಪಿಕ್ಚರ್ ನೋಡಿರಲಿಲ್ಲ. ಆದರೆ ಅವರಿಗೆ ಗೊತ್ತಿಲ್ಲದ ಪಿಕ್ಚರ್ ಇರಲಿಲ್ಲ. ಯಾಕೆಂದರೆ ಆಪಾ ಇದ್ದರು.

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ; ನಮ್ಮ ಓಣಿಯ ಕೊನೆಯ ಮನೆಯವರು. ಸೀರೆಯ ಒಳ ಅಂಚಿಗೆ ಫಾಲ್ ಪಟ್ಟಿ ಹಚ್ಚುವುದು ಅವರ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವರು, ಸಣಕಲು ಮೈ, ಸೂಜಿ ಚುಚ್ಚದಿರಲು ನಡುಬೆರಳಿಗೆ ಸದಾ ಹಿತ್ತಾಳೆಯ ಸಣ್ಣ ಟೋಪಿ. ಹದಿನೈದು ದಿನಕ್ಕೊಮ್ಮೆ ಫಾಲ್ ಬಟ್ಟೆ, ದಾರ, ಹುಕ್ಕು ತರಲು ಬಳ್ಳಾರಿಗೆ ಹೋಗುತ್ತಿದ್ದರು. ವ್ಯಾಪಾರ ಮುಗಿಸಿ ಮ್ಯಾಟ್ನಿಗೆ ಕೂರುತ್ತಿದ್ದರು. ಬರುವಾಗ ಕುರುಗೋಡು ಸುತ್ತಿಕೊಂಡು ಬರುವ ಬಸ್ಸು ಹಿಡಿಯುತ್ತಿದ್ದರು. ಅಲ್ಲಿ ಅವರ ತಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. "ಹೊತ್ತು ಮುಳುಗೂದ್ರೊಳಗ ಅವ್ವಗ ಎರಡು ತುತ್ತು ಉಣಸ್ಬೇಕ್ರಿ. ನನ್ನ ಕೈಲೇ ಉಣ್ಣಾಕಿ ಆಕಿ" ಎನ್ನುತ್ತಿದ್ದರು. ಅದಾದ ಮೇಲೆ ಕೊನೆಯ ಬಸ್ಸಿಗೆ ಸಿರುಗುಪ್ಪ.

ಮರುದಿನ ಮಧ್ಯಾಹ್ನ ನಮ್ಮ ಪಡಸಾಲೆ ತುಂಬುತ್ತಿತ್ತು. ಓಣಿಯ ಹೆಂಗಸರೆಲ್ಲ ಕೈಯಲ್ಲಿ ಏನಾದರೊಂದು ಕೆಲಸ ಹಿಡಿದು ಬರುತ್ತಿದ್ದರು, ಅಕ್ಕಿ ಆರಿಸುವುದೋ ಅವರೆ ಬಿಡಿಸುವುದೋ. ಆಪಾ ಬೆಳಿಗ್ಗೆಯೇ ಫಾಲನ್ನು, ಆಮೇಲೆ ಮುದುಡಬಾರದೆಂದು, ನೀರಿಗೆ ಅದ್ದಿಸಿ ಒಣಗಿಸಿ ಇಡಿಸಿರುತ್ತಿದ್ದರು. "ನೀರು ಕುಡಿಸದ ಫಾಲು, ಹೊಸಾ ಅಳಿಯ, ಎರಡೂ ಆಮ್ಯಾಲೆ ಮಾನ ತಗೀತಾವು ನೋಡ್ರಿ" ಎಂದು ಶುರುವಾಗುತ್ತಿತ್ತು. ಸೂಜಿಗೆ ದಾರ ಪೋಣಿಸಿದರೆ ಟೈಟಲ್ ಬಿದ್ದಂತೆ. ಒಂದು ಸೀರೆಯ ಫಾಲು ಹಚ್ಚಿ ಮುಗಿಯುವುದಕ್ಕೂ ಒಂದು ಪಿಕ್ಚರ್ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಫಾಲು ಅರ್ಧಕ್ಕೆ ಬಂದಾಗ ದಾರ ಕಡಿಯುತ್ತಿದ್ದರು. ಟಿಕ್. ಆಗ ಅತ್ತೆ ಒಳಗೆ ನೋಡಿ ಕೂಗುತ್ತಿದ್ದರು. "ಸೊಸೀ, ಚಾ ತಗೊಂಡು ಬಾ. ಇಂಟ್ರವೆಲ್ಲು!"

ಆ ಚಾ ತರುತ್ತಿದ್ದವಳು ನಾನು. ಟು ಬಿ ಫ್ರಾಂಕ್, ಅಲ್ಲಿಂದಲೇ ಎಲ್ಲ ಶುರುವಾಯಿತು. ನಾನು ಇಂಗ್ಲಿಷ್ ಕಾದಂಬರಿ ಓದುವವಳು, ಎಲೊಕ್ಯೂಷನ್ನಿನಲ್ಲಿ ಕಪ್ ಗೆದ್ದವಳು. ಒಮ್ಮೆ ನಾನೂ ಒಂದು ಕಥೆ ಹೇಳಲು ಹೋಗಿದ್ದೆ. ಹತ್ತು ನಿಮಿಷಕ್ಕೆ ಒಬ್ಬಾಕೆ ಆಕಳಿಸಿ, "ಚಂದ ಐತಿ ಬಿಡ್ರಿ ಅಮ್ಮಾರ, ಆದ್ರ ಇದ್ರಾಗ ಯಾರೂ ಏನೂ ಮಾಡವಲ್ರಲ್ಲ" ಎಂದಳು. ಎಲ್ಲರೂ ನಕ್ಕರು. ಆಪಾ ಮಾತ್ರ ನಗಲಿಲ್ಲ. "ಸುಮ್ನಿರ್ರೆ, ಅಮ್ಮಾರು ಹೇಳ್ಲಿ" ಎಂದರು. ಅದು ನನಗೆ ನಗೆಗಿಂತ ಹೆಚ್ಚು ಚುಚ್ಚಿತು.

ಈ ಪ್ಲಾಟ್‌ಫಾರ್ಮಿನ ಹುಡುಗಿಯ ಪಿಕ್ಚರು ಆಪಾ ಹೇಳಿದ್ದರಲ್ಲೆಲ್ಲ ಉತ್ತಮವಾದದ್ದು. ಎರಡು ವರ್ಷದಲ್ಲಿ ಐದಾರು ಸಲ ಹೇಳಿಸಿಕೊಂಡಿದ್ದರು ನಮ್ಮ ಅತ್ತೆ. ಆ ಹುಡುಗಿ ರೈಲು ಹತ್ತುತ್ತಾಳೆ. ಯಾವುದೋ ಊರಿಗೆ ಹೋಗಿ ಇಳಿಯುತ್ತಾಳೆ. ಒಂದು ಹಳೆಯ ಹೊಲಿಗೆ ಮಶೀನು ಸಂಪಾದಿಸಿ ಅಂಗಡಿ ಇಡುತ್ತಾಳೆ. ವರ್ಷಗಳಾದ ಮೇಲೆ ಹೊರಗೆ ಹಾಕಿದ ಅದೇ ಅಣ್ಣ, ಗುರುತು ಸಿಗದೆ, ಮಗಳ ಮದುವೆಯ ಬ್ಲೌಸ್ ಹೊಲಿಸಲು ಅಲ್ಲಿಗೇ ಬರುತ್ತಾನೆ. "ಆಕಿ ಬಾಯಿ ಬಿಡಲಿಲ್ರಿ. ಅಳತಿ ತಗೊಂಡ್ಲು. ಹೊಲಿದ್ಲು. ತೋಳಿನ ಒಳಮಡಿಕ್ಯಾಗ ತಮ್ಮವ್ವನ ಸೀರಿ ತುಂಡೊಂದು ಇಟ್ಟು ಹೊಲದ್ಬಿಟ್ಲು. ಅವಂಗ ಗೊತ್ತಾತೋ ಇಲ್ಲೋ... ಆಕಿಗೆ ಗೊತ್ತಿತ್ತು." ಅಷ್ಟು ಹೇಳಿ ಎರಡನೇ ಸಲ ದಾರ ಕಡಿಯುತ್ತಿದ್ದರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ನಮ್ಮವರು ವಿಸಿಆರ್ ತಂದದ್ದು ಆಗ. ಓಣಿಗೆಲ್ಲ ಮೊದಲನೆಯದು. ಅದು ಕ್ಯಾಸೆಟ್ಟನ್ನು ಒಳಗೆ ಎಳೆದುಕೊಳ್ಳುವುದನ್ನು ನೋಡಲಿಕ್ಕೇ ಜನ ಬರುತ್ತಿದ್ದರು. ಮೊದಲ ಕ್ಯಾಸೆಟ್ ಯಾವುದು ಬೇಕೆಂದು ನಮ್ಮವರು ಕೇಳಿದಾಗ ನಾನು ಈ ಪಿಕ್ಚರಿನ ಹೆಸರು ಹೇಳಿದೆ. ಎಲ್ಲರಿಗಿಂತ ಮೊದಲು ನಾನೊಬ್ಬಳೇ ಬಾಗಿಲು ಹಾಕಿಕೊಂಡು ನೋಡಿದೆ. ಇಂಟರ್ವಲ್ ಆದ ಮೇಲೆ ಹೊಲಿಗೆ ಮಶೀನೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಆ ಹುಡುಗಿ ರೈಲು ಹತ್ತುವುದೇ ಇಲ್ಲ. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆ ಗಂಟು ಮಾತ್ರ ಉಳಿದಿರುತ್ತದೆ. ಉಳಿದರ್ಧ ಪಿಕ್ಚರು ಅಣ್ಣನ ಅಳುವೇ.

ನನಗೆ ಖುಷಿಯಾಯಿತು. ಈಗ ಇದನ್ನು ಬರೆಯುವಾಗಲೂ ಕೈ ಹಿಂಜರಿಯುತ್ತದೆ, ಆದರೆ ಆದದ್ದು ಹಾಗೇ. ಒಂದು ಹುಡುಗಿ ಸತ್ತದ್ದಕ್ಕೆ ನನಗೆ ಖುಷಿಯಾಯಿತು.

ಮರುದಿನ ಸಂಜೆ ಎಲ್ಲರನ್ನೂ ಕರೆದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮಾಡಿಸಿದ್ದೆ. ಆಪಾಗೆ ನಾನೇ ಕುರ್ಚಿ ಹಾಕಿ ಮುಂದೆ ಕೂರಿಸಿದೆ. "ಯಮ್ಮಾ, ಕುರ್ಚಿ ನನಗ್ಯಾಕ್ರಿ?" ಎಂದು ನಾಚಿಕೊಂಡೇ ತುದಿಯಲ್ಲಿ ಕೂತರು. ಮೊದಲರ್ಧ ಅವರದೇ ರಾಜ್ಯ. "ಈಗ ಬರ್ತಾಳ ನೋಡ್ರಿ, ಗಿಣಿ ಹಸಿರು ಸೀರಿ, ಪಫ್ ತೋಳು" ಎನ್ನುತ್ತಿದ್ದಂತೆ ಗಿಣಿ ಹಸಿರು ಸೀರೆಯವಳು ಬರುತ್ತಿದ್ದಳು. ಹೆಂಗಸರು ಚಪ್ಪಾಳೆ ಹೊಡೆಯುತ್ತಿದ್ದರು. ಅತ್ತೆಯ ಮುಖ ನೋಡಬೇಕಿತ್ತು, ತವರಿನವರನ್ನು ಕಂಡಂತೆ ಅರಳಿತ್ತು.

ಪ್ಲಾಟ್‌ಫಾರ್ಮ್ ಬಂತು. ಇಂಟರ್ವಲ್ ಬಂದು ಹೋಯಿತು. ಆಪಾನ "ಈಗ ಬರ್ತಾಳ ನೋಡ್ರಿ" ನಿಂತಿತು. ನಾನು ಎದ್ದು ಹೋಗಿ ಪಾಜ್ ಒತ್ತಿದೆ. ಪರದೆಯ ಮೇಲೆ ಹುಡುಗಿ ಗೆರೆಗೆರೆಯಾಗಿ ನಡುಗುತ್ತ ನಿಂತಳು.

"ಆಪಾ, ನೀವು ನೋಡಿದ್ದೀರಲ್ಲ. ಈಗ ಏನಾಗುತ್ತೆ, ಹೇಳಿ ನೋಡೋಣ."

"ನಡೀಲಿ ಬಿಡ್ರಿ ಅಮ್ಮಾರ. ಎಲ್ಲಾರೂ ನೋಡಾಕ ಹತ್ಯಾರ."

"ಇಲ್ಲ ಇಲ್ಲ, ಹೇಳಿ. ಒಂದು ಸಣ್ಣ ಟೆಸ್ಟ್."

"ಹೇಳ್ರಿ ಆಪಾ, ಅಮ್ಮಾರು ಪರೀಕ್ಷಾ ಇಟ್ಟಾರ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅತ್ತೆ ಎಲ್ಲರಿಗಿಂತ ಮುಂಚೆ, "ರೈಲು ಹತ್ತತಾಳ, ಮತ್ತೇನು! ನನ್ನ ಕೇಳ್ರಿ, ಬಾಯಿಪಾಠ ಐತಿ" ಎಂದರು.

ಆಪಾ ನನ್ನನ್ನೇ ನೋಡುತ್ತಿದ್ದರು. ಏನೋ ಹೊಳೆದಿತ್ತು ಅವರಿಗೆ. ಆದರೂ ಮೆಲ್ಲಗೆ ಹೇಳಿದರು. "ಹೂಂನ್ರಿ... ಹತ್ತತಾಳ."

ನಾನು ಪ್ಲೇ ಒತ್ತಿದೆ.

ರೈಲು ಹೋಯಿತು. ಗಂಟು ಉಳಿಯಿತು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅಣ್ಣನ ಅಳು ಶುರುವಾದ ಮೇಲೆ ಹಿಂದೆ ಒಬ್ಬಳು ಕಿಸಕ್ಕನೆ ನಕ್ಕಳು. "ಯವ್ವಾ, ಸತ್ತಾಕಿಗೆ ಮಶೀನ್ ಕೊಡಿಸಿದ್ರಲ್ಲ ಆಪಾ!" ಇನ್ನೊಬ್ಬಳು, "ಅಂಗಡಿ ಬ್ಯಾರೆ ಇಡಿಸಿದ್ರು! ನೀವು ಹಚ್ಚೋ ಫಾಲೂ ಹಿಂಗ ಅರ್ಧಾ ಖರೇ, ಅರ್ಧಾ ಸುಳ್ಳೇನ್ರಿ?" ನಗೆಯೋ ನಗೆ. ಎಲ್ಲ ತಣ್ಣಗಾಗುವುದನ್ನು ಕಾದು ನಾನು ಹೇಳಿದೆ. "ಫ್ಯಾಕ್ಟ್ ಈಸ್ ಫ್ಯಾಕ್ಟ್, ಆಪಾ." ಇಂಗ್ಲಿಷಿನಲ್ಲಿ. ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಗೊತ್ತಿದ್ದೂ.

ಆಪಾ ಯಾರ ಕಡೆಗೂ ನೋಡಲಿಲ್ಲ. ಅವರ ಕಣ್ಣು ಪರದೆಯ ಮೇಲಿದ್ದ ಗಂಟಿನಲ್ಲಿತ್ತು. ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ, "ಸತ್ಲೇನ್ರಿ ಅಮ್ಮಾರ?" ಎಂದರು.

ನಾಟಕ ಎಂದುಕೊಂಡೆ. ಪಿಕ್ಚರು ಮುಗಿಯುವ ಮೊದಲೇ ಅವರು ಎದ್ದು ಹೋದರು. ಮಿರ್ಚಿ ಹಾಗೇ ತಟ್ಟೆಯಲ್ಲಿತ್ತು.

ಅತ್ತೆ ಆ ರಾತ್ರಿ ಉಣ್ಣಲಿಲ್ಲ. ಕರೆಯಲು ಹೋದರೆ ಗೋಡೆಯ ಕಡೆ ಮುಖ ಮಾಡಿ ಹೇಳಿದರು. "ಆ ಹುಡುಗಿ ಎರಡು ವರ್ಷದಿಂದ ನನ್ನ ತಲ್ಯಾಗ ಅಂಗಡಿ ಇಟ್ಕೊಂಡು ಚಂದಾಗಿ ಇದ್ಲು. ಇವತ್ತ ಕೊಂದಿ ನೋಡು."

ಆಪಾ ಆಮೇಲೂ ಕೆಲವು ದಿನ ಬಂದರು. ಕೆಲಸ ಕೆಲಸವೇ ಅಲ್ಲವೇ... ಬರುತ್ತಿದ್ದರು, ಫಾಲು ಹಚ್ಚುತ್ತಿದ್ದರು, ಹೋಗುತ್ತಿದ್ದರು. ಕಥೆ ಕೇಳಿದರೆ "ಈಗ ಮಶೀನ್ ಐತಲ್ರಿ, ಅದೇ ಹೇಳ್ತೈತಿ" ಎನ್ನುತ್ತಿದ್ದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ದಾರ ಕಡಿಯುವ ಸದ್ದು ಬರುತ್ತಿತ್ತು, ಆದರೆ ಅದು ದಾರ ಕಡಿದ ಸದ್ದು ಮಾತ್ರ. ಬರಬರುತ್ತ ಸೀರೆಗಳನ್ನು ಅವರ ಮನೆಗೇ ಕಳಿಸುವುದು ರೂಢಿಯಾಯಿತು. ಕಾನ್ವೆಂಟಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಸಾರಿ ಅನ್ನಲು ಕಲಿತವಳು ನಾನು. ಬಾಗಿಲು ತಾಗಿದರೆ ಬಾಗಿಲಿಗೂ ಸಾರಿ. ಓಣಿಯ ಕೊನೆಯ ಮನೆಗೆ ಹೋಗಿ "ತಪ್ಪಾಯ್ತು ಆಪಾ" ಎನ್ನಲು ನಾಲಿಗೆ ಹೊರಳಲಿಲ್ಲ.

ಮುಂದೆ ಗಿರಣಿ ಪಾಲಾಯಿತು, ನಾವು ಬಳ್ಳಾರಿಗೆ ಬಂದೆವು. ಅತ್ತೆ ತೀರಿಕೊಂಡರು. ಬಹಳ ವರ್ಷಗಳ ಮೇಲೆ ಸಿರುಗುಪ್ಪದ ಮದುವೆಯೊಂದರಲ್ಲಿ, ಊಟ ಬಡಿಸುತ್ತಿದ್ದ ಹಳೆಯ ಓಣಿಯವರೊಬ್ಬರನ್ನು ಆಪಾನ ಬಗ್ಗೆ ಕೇಳಿದೆ. "ಫಾಲ್ ಹಚ್ತಿದ್ರಲ್ಲ, ಅವ್ರಾ? ಹೋಗಿ ಭಾಳ ದಿನಾತು" ಎಂದರು. ಅಷ್ಟೇ. ಮೊಸರನ್ನ ಬಡಿಸಿಕೊಂಡು ಮುಂದೆ ಹೋದರು.

ಹೋದ ಶನಿವಾರ ಚಿಕ್ಕವಳು "ಮುಂದ ಏನಾಗ್ತೈತಿ" ಎಂದಾಗ ನಾನು ಆಪಾನ ಕಥೆ ಹೇಳಿದೆ. ರೈಲು, ಮಶೀನು, ಅಂಗಡಿ, ಅಣ್ಣ, ತೋಳಿನ ಒಳಮಡಿಕೆ. ಹೇಳುತ್ತಾ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು, ಇಷ್ಟು ವರ್ಷದಲ್ಲಿ ಮೊದಲ ಸಲ. ಮೊದಲರ್ಧದಲ್ಲಿ ಆಪಾ ಪ್ರತಿ ಸೀರೆಯ ಬಣ್ಣ ಹೇಳುತ್ತಿದ್ದರು, ಪ್ರತಿ ತೋಳಿನ ಅಳತೆ ಹೇಳುತ್ತಿದ್ದರು. ಇಂಟರ್ವಲ್ ಆದ ಮೇಲೆ ಒಂದೇ ಒಂದು ಬಣ್ಣ ಇರುತ್ತಿರಲಿಲ್ಲ. ಯಾವ ಪಿಕ್ಚರಿನಲ್ಲೂ. ಸೂಜಿ ಹಿಡಿದ ಹೆಂಗಸು ಬಣ್ಣ ಮರೆಯುತ್ತಾಳೆಯೇ? ಕೂತು ಕೇಳಿದ ನನಗೆ ಅದು ತಿಳಿಯಬಾರದಿತ್ತೇ?

ಹುಡುಗಿಯರು ಬಾಯಿ ತೆರೆದು ಕೇಳಿದರು. ಆಮೇಲೆ ಪಿಕ್ಚರು ಮುಂದೆ ಓಡಿತು. ರೈಲು ಹೋಯಿತು, ಗಂಟು ಉಳಿಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಅಮ್ಮಾ, ಅಜ್ಜಿ ಎಲ್ಲಾ ಮಿಕ್ಸ್ ಮಾಡ್ಯಾಳ!" ತಂಗಿಯ ಮಗಳು ಅಡುಗೆಮನೆಯಿಂದಲೇ, "ನಗಬ್ಯಾಡ್ರಲೇ, ವಯಸ್ಸಾತು, ಮರೀತಾರ" ಎಂದಳು. ನಾನು ತಿದ್ದಲಿಲ್ಲ. ರಜಾಯಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಕೂತೆ.

ನನಗೆ ಯಾವುದೂ ಮರೆತಿಲ್ಲ. ಆಪಾನನ್ನು ಕೊನೆಯ ಸಲ ಕಂಡದ್ದೂ.

ವಿಸಿಆರ್ ಹಾಕಿದ ಆ ಸಂಜೆಯಾದ ಮೇಲೆ ಒಂದು ವರ್ಷವಾಗಿರಬೇಕು. ಗಿರಣಿ ಪಾಲಾಗುತ್ತಿದ್ದ ಹೊತ್ತು, ತವರಿಗೆ ಬಂದಿದ್ದೆ. ತವರಿನಲ್ಲಿ ಟಾಕೀಸಿಗೆ ಅಡ್ಡಿಯಿರಲಿಲ್ಲ, ತಂಗಿಯ ಜೊತೆ ಮ್ಯಾಟ್ನಿಗೆ ಹೋಗಿದ್ದೆ. ಇಂಟರ್ವಲ್ಲಿನಲ್ಲಿ ಸೋಡಾ ಕುಡಿಯಲು ಹೊರಗೆ ಬಂದು ಕಂಬದ ಪಕ್ಕ ನಿಂತಿದ್ದೆ. ಬೆಲ್ ಹೊಡೆಯಿತು. ಎಲ್ಲರೂ ಶೇಂಗಾ ಪೊಟ್ಟಣ ಹಿಡಿದು ಒಳಗೆ ನುಗ್ಗುತ್ತಿದ್ದರು. ಅವರ ನಡುವೆ ಒಬ್ಬರೇ ಎದುರು ದಿಕ್ಕಿಗೆ ಬರುತ್ತಿದ್ದರು. ಹೆಗಲಿಗೆ ಬಟ್ಟೆಯ ಚೀಲ, ಅದರ ಬಾಯಿಂದ ಇಣುಕುವ ಫಾಲಿನ ಸುರುಳಿಗಳು.

"ಟೈಮ್ ಎಷ್ಟಾತಣ್ಣಾ?" ಎಂದು ಗೇಟಿನವನನ್ನು ಕೇಳಿದರು.

"ನಾಲ್ಕಾತು ಆಪಾ. ಇವತ್ತೂ ಅರ್ಧಕ್ಕ ಹೊಂಟ್ರೇನು? ಒಮ್ಮೆರ ಪೂರ್ತಿ ನೋಡ್ರಲ."

"ಕುರುಗೋಡು ಬಸ್ಸು ಹೊಕ್ಕೈತೋ ಮಾರಾಯಾ. ಅವ್ವ ಹಸದಿರ್ತಾಳ."

"ಮತ್ತ ಉಳದ ಕಥಿ?"

ಆಪಾ ನಕ್ಕರು. ನಮ್ಮ ಪಡಸಾಲೆಯಲ್ಲಿ ಟೈಟಲ್ ಬೀಳುವ ಮೊದಲು ನಗುತ್ತಿದ್ದ ಅದೇ ನಗೆ. "ಬಸ್ಸಿನ್ಯಾಗ ಆಕ್ಕೈತಿ ಬಿಡಣ್ಣಾ. ಅವ್ವಗ ಹೇಳಾಕ ಬೇಕಲ್ಲ."

ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿದ್ದರು. ಕರೆದಿದ್ದರೆ ತಿರುಗುತ್ತಿದ್ದರು. ನಾನು ಕಂಬದ ಹಿಂದಕ್ಕೆ ಸರಿದೆ. ಅವರು ಬಿಸಿಲಿಗೆ ಸೆರಗು ತಲೆಯ ಮೇಲೆಳೆದುಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ಬಿರಬಿರನೆ ನಡೆದು ಹೋದರು. ತಂಗಿ ಒಳಗಿನಿಂದ ಕರೆಯುತ್ತಿದ್ದಳು. ನಾನು ಒಳಗೆ ಹೋಗಿ, ಕತ್ತಲಲ್ಲಿ ನನ್ನ ಸೀಟು ಹುಡುಕಿಕೊಂಡು, ಉಳಿದರ್ಧ ಪಿಕ್ಚರ್ ನೋಡಿದೆ.