ತೀರ್ಥಹಳ್ಳಿಯಲ್ಲಿ ಹೆಸರು ಕೂಗುವ ಭಾನುವಾರ

ಸಾಗರದ ಕೋರ್ಟಿನ ಎದುರು ಸಾಲಿನಲ್ಲಿ ಕಾರ್ಮಿನ್ ರೆಬೆಲ್ಲೊ ಅವರ ಟೈಪಿಂಗ್ ಅಂಗಡಿ ಇದೆ. ಆ ಶನಿವಾರ ಬೆಳಿಗ್ಗೆ ಇಕ್ಕೇರಿ ಕಡೆಯ ರೈತರೊಬ್ಬರು ಅಫಿಡವಿಟ್ ಮಾಡಿಸಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ತಂದೆಯ ಹೆಸರು, ಸರ್ವೆ ನಂಬರು ಒಂದೊಂದಾಗಿ ಕೇಳುತ್ತ ಕಾರ್ಮಿನ್ ಟೈಪ್ ಮಾಡುತ್ತಿದ್ದರು. ಹೊರಗೆ ಜೀಪೊಂದು ವೇಗ ಇಳಿಸಿತು. ಅವರ ಬೆರಳು ನಿಂತವು. ಜೀಪು ಬಸ್ ಸ್ಟ್ಯಾಂಡಿನ ಕಡೆ ಹೋದ ಮೇಲೆ ಬೆರಳು ಮತ್ತೆ ಓಡಿದವು.

"ಮೇಡಂ, ಗೋಪಾಲಪ್ಪ ಅಂತ ಎರಡು ಸಲ ಬಂತು ನೋಡಿ," ಎಂದರು ರೈತರು, ಪರದೆಯ ಕಡೆ ಬಗ್ಗಿ.

"ಇರ್ಲಿ ಬಿಡಿ, ಇಬ್ರು ಅಪ್ಪಂದಿರಾದ್ರೆ ಎರಡು ಪಾಲು ಬರ್ತದೆ," ಎಂದಳು ಜೆರಾಕ್ಸ್ ಯಂತ್ರದ ಹಿಂದಿದ್ದ ಗಂಗಾ. ರೈತರು ನಕ್ಕರು. ಕಾರ್ಮಿನ್ ನಗದೆ ಹೆಚ್ಚಿನ ಹೆಸರನ್ನು ಅಳಿಸಿದರು.

ಗಂಗಾ ಈ ಅಂಗಡಿಗೆ ಸೇರಿ ಬಹಳ ವರ್ಷವಾಗಿದೆ. ಕಾರ್ಮಿನ್ ತಪ್ಪು ಟೈಪ್ ಮಾಡಿದ್ದನ್ನು ಅವಳು ನೋಡಿದ್ದು ಕಡಿಮೆ. ಅವರ ಮೇಜು ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಮುಖ ಮಾಡಿದೆ. ಫ್ಯಾನಿನ ಗಾಳಿ ಅಲ್ಲಿಗೆ ಬರುವುದಿಲ್ಲ, ಬೆಳಕೂ ಕಣ್ಣಿಗೆ ಹೊಡೆಯುತ್ತದೆ. ಆದರೂ ಅವರು ಅದನ್ನು ತಿರುಗಿಸಲು ಬಿಟ್ಟಿಲ್ಲ. ಅವರ ಎಡ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಮದುವೆಯಾಗಿ ಎರಡನೇ ವರ್ಷದಲ್ಲಿ ಅದು ಮುರಿದಿತ್ತು.

ಮರುದಿನ ತೀರ್ಥಹಳ್ಳಿಯ ಚರ್ಚಿನಲ್ಲಿ ಅವರ ಹೆಸರು ಕೂಗುವವರಿದ್ದರು.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೆ ಸೇರಿ ಧರ್ಮಸಭಾ ಕಾನೂನು ಸಂಘ ಎಂಬ ಸಣ್ಣದೊಂದು ಸಂಘವಿದೆ. ಚರ್ಚಿನ ಕಾನೂನು ಓದಿದ ಪಾದ್ರಿಗಳು, ಕೆಲವು ಸಿಸ್ಟರ್‌ಗಳು, ಬೆರಳೆಣಿಕೆಯ ವಕೀಲರು ಅದರ ಸದಸ್ಯರು. ತಮ್ಮ ಮದುವೆ ಮೊದಲಿನಿಂದಲೇ ಊರ್ಜಿತವಲ್ಲ ಎಂದು ಘೋಷಿಸಬೇಕೆಂದು ಯಾರಾದರೂ ಬಿಷಪರ ಕೈಕೆಳಗಿನ ಧರ್ಮಪ್ರಾಂತ್ಯದ ನ್ಯಾಯಪೀಠಕ್ಕೆ ಅರ್ಜಿ ಹಾಕಿದರೆ, ಇಬ್ಬರ ಕಡೆಯ ಹೇಳಿಕೆಗಳನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿ ಕಳಿಸುವುದು ಈ ಸಂಘದ ಮುಖ್ಯ ಕೆಲಸ. ಸಂಘ ಕಟ್ಟಿದ ಹಿರಿಯ ಪಾದ್ರಿ, ಮದುವೆಗೆ ಮುಂಚೆ ವಧೂವರರ ಹೆಸರನ್ನು ಮೂರು ಭಾನುವಾರ ಚರ್ಚಿನಲ್ಲಿ ಕೂಗಿ ಅಡ್ಡಿ ಇದ್ದವರು ಹೇಳಿ ಎಂದು ಕೇಳುವ ಪದ್ಧತಿಯನ್ನೇ ಅಧ್ಯಕ್ಷರ ಚುನಾವಣೆಗೂ ತಂದರು. ಸ್ಪರ್ಧಿಗಳ ಹೆಸರು, ಊರು, ವಾಸ ಮೂರೂ ತಾಲ್ಲೂಕು ಕೇಂದ್ರಗಳ ಚರ್ಚುಗಳಲ್ಲಿ ಮೂರು ಭಾನುವಾರ ಕೇಳಿಸಬೇಕು. ಇಷ್ಟು ವರ್ಷ ಯಾರೂ ಅಡ್ಡಿ ಹೇಳಿರಲಿಲ್ಲ. ಯಾರೋ ಚರ್ಚಿನಲ್ಲಿ ಕೊಡೆ ಮರೆತುಹೋಗಿದ್ದಾರೆ ಎಂಬ ಪ್ರಕಟಣೆಗೆ ಕೊಡುವಷ್ಟೇ ಗಮನವನ್ನು ಜನ ಅದಕ್ಕೂ ಕೊಡುತ್ತಿದ್ದರು.

ಕಾರ್ಮಿನ್ ಸಂಘಕ್ಕೆ ಬಂದದ್ದು ಅರ್ಜಿದಾರರಾಗಿ. ತೀರ್ಥಹಳ್ಳಿಯಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ ಇಟ್ಟಿದ್ದ ವಲೇರಿಯನ್ ಆಗ ಅವರ ಗಂಡ. ಅವರ ಹೇಳಿಕೆಯನ್ನು ಆಗ ಜಿಲ್ಲಾ ಕೇಂದ್ರದ ಕಚೇರಿಯೊಂದರಲ್ಲಿ ಬರೆದುಕೊಂಡರು. ಒಳಗೆ ಪಾದ್ರಿ ಪ್ರಶ್ನೆ ಕೇಳುತ್ತಿದ್ದರೆ, ಹೊರಗಿನ ಜಗಲಿಯ ಬೆಂಚಿನಲ್ಲಿ ತನ್ನ ಸರದಿಗೆ ಕಾದಿದ್ದ ವಲೇರಿಯನ್‌ನ ಬೂಟು ಅರೆತೆರೆದ ಬಾಗಿಲಲ್ಲಿ ಕಾಣುತ್ತಿತ್ತು. ಅದು ಮೆಲ್ಲಗೆ ಅಲ್ಲಾಡುತ್ತಿತ್ತು. ಹೇಳಬೇಕಾದದ್ದರಲ್ಲಿ ಅರ್ಧವನ್ನಷ್ಟೇ ಹೇಳಿ ಕಾರ್ಮಿನ್ ಸಹಿ ಹಾಕಿದರು. ಆದರೂ ತೀರ್ಪು ಅವರ ಕಡೆಗೇ ಬಂತು.

ತೀರ್ಪು ಬಂದ ವಾರ ಕಾರ್ಮಿನ್ ಅವರನ್ನು ವಲೇರಿಯನ್ ತೀರ್ಥಹಳ್ಳಿ ಚರ್ಚಿನ ಮೆಟ್ಟಿಲ ಹತ್ತಿರ ನಿಲ್ಲಿಸಿದ. ದನಿ ಎತ್ತಲಿಲ್ಲ. ಇಬ್ಬರ ಮನೆಮಾತಾದ ಕೊಂಕಣಿಯಲ್ಲಿ ಅವನು ಹೇಳಿದ್ದು ಇಷ್ಟು: "ಇಲ್ಲಿ ನಿನ್ನ ಹೆಸರನ್ನ ನನ್ನ ಹೆಸರಿನ ಜೊತೆ ಕೂಗಿದ್ರು. ಇನ್ನೊಂದು ಸಲ ಈ ಚರ್ಚಲ್ಲಿ ನಿನ್ನ ಹೆಸರು ನನ್ನ ಕಿವಿಗೆ ಬಿದ್ರೆ, ನೀನು ಎಲ್ಲೇ ಇರು, ನಾನು ಬರ್ತೀನಿ." ಕಾರ್ಮಿನ್ ಇನ್ನೊಂದು ಮದುವೆಯಾಗುತ್ತಾರೆ ಎಂಬುದು ಅವನ ಲೆಕ್ಕವಾಗಿತ್ತು. ಅವರು ಆಗಲಿಲ್ಲ. ಸಾಗರಕ್ಕೆ ಬಂದು ಅಂಗಡಿ ಇಟ್ಟರು. ಚರ್ಚಿನ ಕಾನೂನಿನ ಡಿಪ್ಲೊಮಾ ಮಾಡಿಕೊಂಡು ಸಂಘದಲ್ಲಿ ಹೆಂಗಸರ ಹೇಳಿಕೆ ಬರೆಯುವವರಾದರು. ತೀರ್ಥಹಳ್ಳಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಅಲ್ಲಿಯ ಕೆಲಸವನ್ನು ಅಲ್ಲೇ ಇದ್ದ ಸಿಸ್ಟರ್ ಜೆಸಿಂತಾ ನೋಡಿಕೊಳ್ಳುತ್ತಿದ್ದರು.

ಹೇಳಿಕೆ ಕೊಡುವವರ ಮನೆಗೇ ಹೋಗಿ ಬರೆದುಕೊಳ್ಳಬೇಕು ಎಂಬ ನಿಯಮವನ್ನು ಸಂಘದಲ್ಲಿ ಬರೆಸಿದ್ದು ಕಾರ್ಮಿನ್. ಹಿನ್ನೀರಿಗೆ ಸೇತುವೆ ಆಗುವ ಮೊದಲು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಆಚೆ ದಡದ ಮನೆಗಳಿಗೆ ಹೋಗಿ, ಅಡುಗೆಮನೆಯ ನೆಲದ ಮೇಲೆ ಕೂತು ಬರೆದುಕೊಂಡು ಬಂದಿದ್ದಾರೆ. ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತ ಹೊಸನಗರ ಕಡೆಯ ಫಾದರ್ ಕುರ್ಯಾಕೋಸ್ ಆ ನಿಯಮ ತೆಗೆಯುವುದಾಗಿ ಹೇಳಿದ್ದರು. ಮನೆಯಲ್ಲಿ ಬರೆದ ಹೇಳಿಕೆಯಲ್ಲಿ ಮನೆಯವರ ಮಾತು ಸೇರುತ್ತದೆ, ಕಚೇರಿಯೇ ಸರಿ ಎಂಬುದು ಅವರ ವಾದ. ಅವರ ಎದುರು ಬೇರೆ ಯಾರೂ ನಿಲ್ಲಲಿಲ್ಲ. ಕೊನೆಯ ದಿನ ಕಾರ್ಮಿನ್ ಹೆಸರು ಕೊಟ್ಟರು. ಕೊಟ್ಟು ಬಂದವರೇ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಕೂತರು.

"ಅಷ್ಟು ಹೆದ್ರಿಕೆ ಇದ್ರೆ ಎಂತಕ್ಕೆ ನಿಲ್ತೀರಿ ಅಕ್ಕ?" ಎಂದು ಗಂಗಾ ಕೇಳಿದ್ದಳು.

"ನಾನು ಆವತ್ತು ಅರ್ಧ ಹೇಳಿ ಎದ್ದು ಬಂದೆ. ಇನ್ನುಳಿದವ್ರೂ ಹಂಗೇ ಎದ್ದು ಬರೋದಾ?"

ಮೊದಲ ಭಾನುವಾರ ಸಾಗರದ ಚರ್ಚಿನಲ್ಲಿ ತಮ್ಮ ಹೆಸರು ಕೇಳಿದಾಗ ಕಾರ್ಮಿನ್ ಕೂತ ಬೆಂಚಿನ ಅಂಚು ಹಿಡಿದುಕೊಂಡರು. ಪಕ್ಕದವರು ಮುಗುಳ್ನಕ್ಕು ಮೊಣಕೈಯಲ್ಲಿ ತಿವಿದರು. ಅವರ ಮನಸ್ಸು ತೀರ್ಥಹಳ್ಳಿಯಲ್ಲಿತ್ತು. ಪೂಜೆ ಮುಗಿದ ಮೇಲೆ ಸಿಸ್ಟರ್ ಜೆಸಿಂತಾ ಫೋನ್ ಮಾಡಿದರು.

"ಬಂದಿರ್ಲಿಲ್ಲ ಕಾರ್ಮಿನ್. ಅವನ ತಂಗಿ ಬಂದಿದ್ಲು."

ತಂಗಿ ಬಂದಿದ್ದಳೆಂದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಅವನಿಗೆ ಸುದ್ದಿ ಮುಟ್ಟಿರುತ್ತದೆ. ಆ ವಾರ ಕಾರ್ಮಿನ್ ಕತ್ತಲಾಗುವ ಮುಂಚೆ ಅಂಗಡಿ ಮುಚ್ಚಿದರು. ಮಾರ್ಕೆಟ್ ರಸ್ತೆ ಬಿಟ್ಟು ಸುತ್ತುಹಾಕಿ ಮನೆಗೆ ಹೋದರು. ಬಾಗಿಲ ಚಿಲಕ ಹಾಕಿ, ಅಡುಗೆ ಮಾಡುತ್ತ ಮಾಡುತ್ತ ಮತ್ತೆ ಹೋಗಿ ಚಿಲಕ ಮುಟ್ಟಿ ನೋಡುತ್ತಿದ್ದರು.

ಎರಡನೇ ಭಾನುವಾರ ಸಿಸ್ಟರ್ ಮತ್ತೆ ಫೋನ್ ಮಾಡಿದರು. "ಬಂದಿದ್ದ. ಮುಂದಿನ ಬೆಂಚಲ್ಲೇ ಕೂತಿದ್ದ. ನಿಮ್ಮ ಹೆಸರು ಓದಿದ್ಮೇಲೆ ತಿರುಗಿ ನನ್ನ ನೋಡಿ ತಲೆ ಆಡಿಸ್ದ. ಚೆನ್ನಾಗಿದೀರಾ ಅಂತ ಕೇಳೋ ಥರ."

"ಮತ್ತೆ?"

"ಮತ್ತೇನಿಲ್ಲ. ಕೊನೇವರೆಗೂ ಇದ್ದ. ಹಾಡೂ ಹೇಳ್ದ."

ಮೂರನೇ ಭಾನುವಾರವೂ ಹಾಗೇ ಆಯಿತು. ಅವನು ಬಂದ, ಕೇಳಿದ, ಹೋದ. ಸಾಗರಕ್ಕೆ ಬರಲಿಲ್ಲ. ಬಂದಿದ್ದರೆ ಒಂದು ರೀತಿ ಹಗುರವಾಗುತ್ತಿತ್ತು ಎಂದು ಕಾರ್ಮಿನ್ ಗಂಗಾಳ ಹತ್ತಿರ ಹೇಳಿದರು. "ಬರ್ತೀನಿ ಅಂದವ್ನು ಬರ್ದೇ ಇದ್ರೆ ಬಾಗ್ಲು ನೋಡೋದು ಮುಗಿಯೋದೇ ಇಲ್ಲ ಮಾರಾಯ್ತಿ."

ಚುನಾವಣೆ ಹೊಸನಗರದ ಚರ್ಚಿನ ಹಾಲ್‌ನಲ್ಲಿತ್ತು. ಗಂಗಾ ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದಳು. "ನಂಗೆ ಓಟಿಲ್ಲ, ಊಟ ಆದ್ರೂ ಸಿಗ್ತದಲ್ಲ," ಎಂದಳು ಬಸ್ಸಿನಲ್ಲಿ. ಹಾಲ್‌ನಲ್ಲಿ ಕಾರ್ಮಿನ್ ಹುಡುಕಿ ಗೋಡೆಗೆ ಒರಗಿದ್ದ ಕುರ್ಚಿಯಲ್ಲಿ ಕೂತರು. ಚೀಟಿ ಹಂಚುವ ಮೊದಲು ನಿರ್ಗಮಿಸುವ ಅಧ್ಯಕ್ಷರು ಎದ್ದು, ಸ್ಪರ್ಧಿಗಳ ಬಗ್ಗೆ ಅಡ್ಡಿ ಇದ್ದವರು ಹೇಳಬೇಕು ಎಂದು ಮೂರು ಸಲ ಕೇಳಬೇಕಿತ್ತು. ಎರಡು ಸಲ ಕೇಳಿದರು. ಮೂರನೆಯ ಸಲ ಕೇಳುವಾಗ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

ವಲೇರಿಯನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಕೂದಲು ನರೆತಿತ್ತು. ಅಧ್ಯಕ್ಷರಿಗೆ ಕೈ ಮುಗಿದು, "ಅಡ್ಡಿ ಇದೆ ಫಾದರ್," ಎಂದ.

ಇಷ್ಟು ವರ್ಷದ ನಂತರವೂ ಕಾರ್ಮಿನ್ ಮೊದಲು ನೋಡಿದ್ದು ಅವನ ಕೈಗಳನ್ನು.

ಹೇಳಿಕೆಯನ್ನು ಈಗಲೇ ಪಕ್ಕದ ಕೋಣೆಯಲ್ಲಿ ಬರೆದುಕೊಳ್ಳೋಣ ಎಂದರು ಅಧ್ಯಕ್ಷರು. ವಲೇರಿಯನ್ ಬೇಡವೆಂದು ತಲೆಯಾಡಿಸಿದ. "ನಿಮ್ಮ ನಿಯಮ ಹಂಗಿಲ್ವಲ್ಲ ಫಾದರ್. ಹೇಳಿಕೆ ಕೊಡೋರ ಮನೆಗೆ ಬಂದು ಬರ್ಕೋಬೇಕು ಅಂತಿದೆ. ಇವಳೇ ಬರೆಸಿದ್ದಂತೆ." ನಂತರ ಕಾರ್ಮಿನ್ ಕಡೆ ತಿರುಗಿ, "ನೀನೇ ಬಾ. ನಿನಗೆ ಮನೆ ಗೊತ್ತಲ್ಲ," ಎಂದ.

ಹಿಂದಿನ ಸಾಲಿನಲ್ಲಿ ಯಾರೋ ತಮಾಷೆಯೆಂದುಕೊಂಡು ನಕ್ಕರು. ಆ ನಿಯಮ ಬರೆಯುವಾಗ ಕಾರ್ಮಿನ್ ಕಣ್ಣ ಮುಂದೆ ಇದ್ದದ್ದು ಹೆಂಗಸರು ಮಾತ್ರ. ಅದೇ ಬಾಗಿಲಲ್ಲಿ ಇವನೂ ಬಂದು ನಿಲ್ಲಬಹುದು ಎಂದು ಅವರಿಗೆ ಹೊಳೆದಿರಲಿಲ್ಲ.

ಫಾದರ್ ಕುರ್ಯಾಕೋಸ್ ಎದ್ದರು. ಎತ್ತರದ, ದಪ್ಪ ಆಳು. "ಸ್ಪರ್ಧಿ ತನ್ನ ಮೇಲಿನ ಅಡ್ಡಿಯನ್ನ ತಾನೇ ಬರ್ಕೊಳ್ಳೋ ಹಾಗಿಲ್ಲ. ಹೇಳಿಕೆ ಬರೆಯೋ ಪ್ರಮಾಣ ಮಾಡಿದೋರು ಬರಬೇಕು."

"ನೀವೇ ಬನ್ನಿ ಹಂಗಾದ್ರೆ," ಎಂದ ವಲೇರಿಯನ್.

"ನಾನೂ ಸ್ಪರ್ಧಿನೇ."

"ನನಗೆ ತೊಂದ್ರೆ ಇಲ್ಲ. ಅವಳಿಗೆ?"

ಎಲ್ಲರೂ ಕಾರ್ಮಿನ್ ಕಡೆ ನೋಡಿದರು. "ಹೋಗಿ ಫಾದರ್," ಎಂದರು ಅವರು. ದನಿ ಅವರಿಗೇ ಕೇಳಿಸದಷ್ಟು ಸಣ್ಣಗಿತ್ತು. ಇನ್ನೊಮ್ಮೆ ಹೇಳಿದರು. "ನಿಯಮ ಇರೋದು ಹಂಗೇ. ಹೋಗಿ."

ಚುನಾವಣೆ ಮುಂದಕ್ಕೆ ಹೋಯಿತು. ಊಟಕ್ಕೆ ಗಂಗಾಳೂ ಉಳಿಯಲಿಲ್ಲ.

ಆ ವಾರದ ಕೊನೆಯಲ್ಲಿ ಫಾದರ್ ಕುರ್ಯಾಕೋಸ್ ಸಾಗರದ ಅಂಗಡಿಗೆ ಬಂದರು. ಗಂಗಾ ಸ್ಟೂಲನ್ನು ಒರೆಸಿ ಕೊಟ್ಟಳು. ಅವರು ಕೂರುವ ಮುಂಚೆ ಬಾಗಿಲ ಕಡೆ ಒಮ್ಮೆ ನೋಡಿದ್ದನ್ನು ಕಾರ್ಮಿನ್ ಗಮನಿಸಿದರು.

"ನಿಮ್ಮ ಮದುವೆ ಇನ್ನೂ ಇದೆ ಅನ್ನೋದೊಂದೇ ಅವನ ಅಡ್ಡಿ," ಎಂದರು ಫಾದರ್. "ಅದಕ್ಕೆ ನ್ಯಾಯಪೀಠ ಆವತ್ತೇ ಉತ್ತರ ಕೊಟ್ಟಿದೆ. ತಳ್ಳಿಹಾಕಿದ್ವಿ. ಅದೇ ಅಡ್ಡಿನ ಇನ್ನು ಅವನು ತರೋ ಹಾಗಿಲ್ಲ."

"ಕಾಫಿ ಕೊಟ್ನಾ?" ಎಂದು ಕೇಳಿದರು ಕಾರ್ಮಿನ್.

"ಕೊಟ್ಟ. ಬೋಲ್ಟ್ ಹಾಕ್ಕೊಂಡು ಬಾಗಿಲಿಗೆ ಕುರ್ಚಿ ಇಟ್ಟು ಕೂತ. ಕೆಟ್ಟ ಮಾತು ಒಂದೂ ಆಡಲಿಲ್ಲ. ಬರೆದಾದ ಮೇಲೆ ಓದಿ ಹೇಳ್ದೆ, ಸಹಿ ಹಾಕ್ದ. ನಾನು ಎದ್ದೆ, ಅವನು ಏಳಲಿಲ್ಲ. ಇನ್ನೊಂದು ಕಾಫಿ ಕುಡೀರಿ ಅಂದ. ಬೇಡ ಅಂದ್ರೂ ಏಳಲಿಲ್ಲ. ನಾನು ಎರಡನೇ ಕಾಫಿ ಕುಡಿದೆ."

ಯಂತ್ರ ನಿಂತಿತ್ತು. ಗಂಗಾ ಹಾಳೆ ಜೋಡಿಸುವುದನ್ನು ಬಿಟ್ಟು ಕೇಳುತ್ತಿದ್ದಳು.

"ನಾನು ಮನೆ ಬೇಡ ಅಂದಿದ್ದು ಇದಕ್ಕೇ," ಎಂದರು ಫಾದರ್. "ಇಂಥ ಮನೆಗೆ ನಿಮ್ಮಂಥೋರನ್ನ ಕಳಿಸೋದಾ? ನಾನು ನಿಲ್ಲೋದಂತೂ ನಿಲ್ತೀನಿ."

"ಅವನ ಮನೆಗೆ ಹೋಗೋದು ಅಂತ ನಾನು ಬರೆಸಿದ್ದು ತಪ್ಪು," ಎಂದರು ಕಾರ್ಮಿನ್. "ಹೇಳೋರಿಗೂ ಬರೆಯೋರಿಗೂ ಎಲ್ಲಿ ಹೆದ್ರಿಕೆ ಇಲ್ವೋ ಅಲ್ಲಿ ಅಂತ ಬರೆಸ್ಬೇಕಿತ್ತು. ಆದ್ರೆ ನಿಮ್ಮ ಕಚೇರಿ ಜಗಲೀಲೂ ಅವನೇ ಕೂತಿರ್ತಾನೆ ಫಾದರ್. ನಂಗೆ ಬೂಟು ಕಾಣ್ತಿತ್ತು."

ಫಾದರ್ ಬಂದ ಕೆಲಸದ ಇನ್ನರ್ಧ ಬಾಕಿಯಿತ್ತು. ಅಡ್ಡಿ ಬಂದು ಅದನ್ನು ತಳ್ಳಿಹಾಕಿದರೆ ಮೂರು ಭಾನುವಾರಗಳ ಕೂಗು ಮೊದಲಿನಿಂದ ಆಗಬೇಕು. ಅಡ್ಡಿ ಹೇಳಿದವರ ಊರಿನ ಚರ್ಚಿನಲ್ಲಿ, ಹೆಸರು ಕೂಗಿದಾಗ ಸ್ಪರ್ಧಿ ಎದ್ದು ನಿಂತು ಜನರಿಗೆ ಮುಖ ತೋರಿಸಬೇಕು. ಹಿರಿಯ ಪಾದ್ರಿ ಬರೆದಿಟ್ಟ ಈ ನಿಯಮ ಇಷ್ಟು ವರ್ಷ ಬಳಕೆಗೇ ಬಂದಿರಲಿಲ್ಲ.

"ಹೆಸರು ವಾಪಸ್ ತಗೊಂಡ್ರೆ ಇದ್ಯಾವುದೂ ಬೇಡ," ಎಂದರು ಫಾದರ್. "ನಾನು ಗೆಲ್ಲೋಕೆ ಹೇಳ್ತಿಲ್ಲ. ಅವನ ಮನೇಲಿ ಕೂತು ಬಂದು ಹೇಳ್ತಿದೀನಿ."

ಕಾರ್ಮಿನ್ ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು ಕೂತಿದ್ದರು. ಹೊರಗೆ ವಾಹನವೊಂದು ವೇಗ ಇಳಿಸಿತು. ಮೂವರೂ ಬಾಗಿಲ ಕಡೆ ನೋಡಿದರು. ಗ್ಯಾಸ್ ಸಿಲಿಂಡರಿನ ಲಾರಿ.

"ತೀರ್ಥಹಳ್ಳೀಲಿ ಬೆಳಗಿನ ಪೂಜೆ ಎಷ್ಟಕ್ಕೆ ಈಗ?" ಎಂದು ಕಾರ್ಮಿನ್ ಕೇಳಿದರು.

"ಎಂಟಕ್ಕೆ."

"ಸಾಗರದಿಂದ ಅಷ್ಟೊತ್ತಿಗೆ ಬಸ್ಸು ಮುಟ್ಟಲ್ಲ ಅಕ್ಕ," ಎಂದಳು ಗಂಗಾ. "ಶನಿವಾರವೇ ಹೋಗ್ಬೇಕು. ಸಿಸ್ಟರಮ್ಮನ ಕಾನ್ವೆಂಟಲ್ಲಿ ಇಬ್ರಿಗೆ ಜಾಗ ಇದ್ಯಾ ಕೇಳಿ. ನಂಗೆ ಎದ್ದು ನಿಲ್ಲೋದು ಕೂರೋದು ಎಲ್ಲ ಗೊತ್ತಿಲ್ಲ, ನೀವು ಮಾಡ್ದಂಗೆ ಮಾಡ್ತೀನಿ."

ಸಿಸ್ಟರ್ ಜೆಸಿಂತಾ ಜಾಗ ಇದೆ ಎಂದಿದ್ದಾರೆ. ಈ ಶನಿವಾರ ಅಂಗಡಿ ಮಧ್ಯಾಹ್ನವೇ ಮುಚ್ಚುತ್ತದೆ. ಭಾನುವಾರ ಬೆಳಿಗ್ಗೆ ಎಂಟರ ಪೂಜೆಯ ಕೊನೆಯಲ್ಲಿ ತೀರ್ಥಹಳ್ಳಿಯ ಚರ್ಚಿನಲ್ಲಿ ಹೆಸರು ಕೂಗುತ್ತಾರೆ, ಕಾರ್ಮಿನ್ ರೆಬೆಲ್ಲೊ ಎದ್ದು ನಿಲ್ಲುತ್ತಾರೆ.