ಆರನೇ ಮೆಟ್ಟಿಲ ಕೆಳಗೆ

ಮೇಂಗ್ ಗಿಹೋ ಇಂಚನ್ ನಗರದ ನಮ್ಮ ನೆಲದಡಿಯ ಅಂಗಡಿ ಸಾಲಿನಲ್ಲಿ ಹೆಸರಿನ ಮುದ್ರೆ ಕೆತ್ತುತ್ತಾನೆ. ನನ್ನ ಕಾಲುಚೀಲದ ಅಂಗಡಿ ಅವನ ಎದುರಿಗೇ ಇದೆ. ಈಗೀಗ ಎಲ್ಲರೂ ರುಜು ಹಾಕುವುದರಿಂದ ಮುದ್ರೆ ಮಾಡಿಸುವವರಿಗಿಂತ ಅವನ ಬಳಿ ದಾರಿ ಕೇಳುವವರೇ ಹೆಚ್ಚು. ಮೇಲಿನ ಬೀದಿಗೆ ಹತ್ತುವ ಒಂದೊಂದು ಮೆಟ್ಟಿಲ ದಾರಿಗೂ ಒಂದೊಂದು ಅಂಕಿ, ನಾವು ಮೆಟ್ಟಿಲು ಅನ್ನುವುದು ಅದಕ್ಕೇ. ಅವನು ಉಳಿ ನಿಲ್ಲಿಸದೆ, ತಲೆಯನ್ನೂ ಎತ್ತದೆ, "ಮೀನಿನ ಸಾರಿನ ವಾಸನೆ ಬರೋ ಕಡೆ ತಿರುಗಿ, ಟೋಪಿ ಅಂಗಡಿ ದಾಟಿದ್ರೆ ನಾಲ್ಕನೇ ಮೆಟ್ಟಿಲು" ಅನ್ನುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದಿದ್ದ ಜಂಬ ಅದೊಂದೇ. ನಾನೇನು ಅದನ್ನೂ ಕೆಣಕದೆ ಬಿಟ್ಟವಳಲ್ಲ.

ಕಳೆದ ವರ್ಷ ಇಡೀ ಸಾಲನ್ನು ನವೀಕರಿಸಿದರು. ಸಾರಿನ ಗಾಡಿ ಹೋಯಿತು, ಟೋಪಿ ಅಂಗಡಿ ಹೋಯಿತು. ಎಲ್ಲೆಲ್ಲೂ ಬಿಳಿ ಗೋಡೆ, ಗಾಜು, ತಂಪು ಗಾಳಿ. ನನಗಂತೂ ಹೊಸ ಶೌಚಾಲಯ ನೋಡಿ ಕಣ್ಣು ತುಂಬಿ ಬಂತು, ಸುಳ್ಳು ಹೇಳಲಾರೆ.

ಸಾಲು ಮತ್ತೆ ತೆರೆದ ವಾರವೇ ನಾನು ಅವನಿಗೊಂದು ಹೆಣ್ಣು ನೋಡಿದೆ. ಸಾರ್ವಜನಿಕ ಸ್ನಾನದ ಮನೆಯಲ್ಲಿ ನನಗೆ ಪರಿಚಯವಾದ ಬೊಕ್ ಹೇಸುನ್, ವಿಧವೆ, ಬಾಯಿ ತುಂಬಾ ನಗುವವಳು. ಒಂದು ಕಾಲು ಸ್ವಲ್ಪ ಎಳೆಯುತ್ತದೆ, ಅದೊಂದೇ ಅವಳ ಅಳುಕು. ಆರನೇ ಮೆಟ್ಟಿಲ ಕೆಳಗೆ ಇಬ್ಬರೂ ಸಿಗುವುದೆಂದು ಮಾತಾಯಿತು.

"ದಾರಿ ತಪ್ಪೀಯ ಅಣ್ಣ," ಎಂದೆ.

"ನಾನಾ? ಕಣ್ಣು ಕಟ್ಟಿ ಬಿಡು, ಹೋಗ್ತೀನಿ," ಎಂದು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೊರಟ.

ಅಲ್ಲಿ ಅವನು ಕಾಯುತ್ತಿದ್ದಾಗ ಸಮೀಕ್ಷೆಯ ಹುಡುಗಿಯೊಬ್ಬಳು ಬಂದು ಹೊಸ ಸಾಲಿನಲ್ಲಿ ದಾರಿ ಸುಲಭವಾಗಿ ಸಿಗುತ್ತದೆಯೇ ಎಂದು ಕೇಳಿದಳಂತೆ. 'ತುಂಬಾ ತೃಪ್ತಿ' ಎಂದು ಗುರುತು ಹಾಕಿಸಿದನಂತೆ ಮಹಾರಾಯ. ಅಷ್ಟರಲ್ಲಿ ಹೇಸುನ್ ಫೋನು ಮಾಡಿದಳು.

"ಎಲ್ಲಿದೀರಿ?"

"ಆರನೇ ಮೆಟ್ಟಿಲ ಕೆಳಗೆ."

"ನಾನೂ ಅಲ್ಲೇ ಇದೀನಲ್ಲ. ಇಲ್ಲೊಂದು ಮರದ ಬೆಂಚಿದೆ."

"ಹೌದು, ಅದರ ಮೇಲೇ ಕೂತಿದೀನಿ."

"ಅದರ ಮೇಲೆ ನಾನು ಕೂತಿದೀನಿ. ಪಕ್ಕದಲ್ಲಿ ಪ್ಲಾಸ್ಟಿಕ್ ಬಿದಿರು."

"ಬಿದಿರು ಇದೆ. ನೀವು ಕಾಣ್ತಾ ಇಲ್ಲ."

ಹೇಸುನ್, "ಇಷ್ಟ ಆಗ್ಲಿಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ಬಹುದಿತ್ತು. ಈ ವಯಸ್ಸಲ್ಲಿ ಕಣ್ಣಾಮುಚ್ಚಾಲೆ ಬೇಕಾ?" ಎಂದು ಫೋನು ಇಟ್ಟುಬಿಟ್ಟಳು.

ಅವನು ಮುಖ ಸಪ್ಪಗೆ ಮಾಡಿಕೊಂಡು ಬಂದ. "ನಿಜವಾಗ್ಲೂ ಆರರಲ್ಲೇ ನಿಂತಿದ್ದೆ ಕಣೇ," ಎಂದ. ಅವನ ಜೊತೆ ಹೋಗಿ ನೋಡಿದರೆ ಮೆಟ್ಟಿಲ ಮೇಲಿನ ಹಲಗೆಯಲ್ಲಿ ಒಂಬತ್ತು ಎಂದಿತ್ತು. ಲಿಫ್ಟು ಕೂರಿಸುವಾಗ ಮೆಟ್ಟಿಲುಗಳ ಅಂಕಿಯನ್ನೆಲ್ಲ ಬದಲಿಸಿ ಹಳೆಯ ಆರನ್ನು ಒಂಬತ್ತು ಮಾಡಿದ್ದರು, ಇವನು ತಲೆ ಎತ್ತಿ ನೋಡಿರಲೇ ಇಲ್ಲ. ಆ ದಿನದಿಂದ ಯಾರಾದರೂ ದಾರಿ ಕೇಳಿದರೆ "ಗೊತ್ತಿಲ್ಲ" ಅನ್ನತೊಡಗಿದ.

ಹೇಸುನ್‌ಗೆ ಫೋನು ಮಾಡಿ ನಡೆದದ್ದು ಹೇಳಿದೆ. ನಂಬಲಿಲ್ಲ. "ನನ್ನ ಕಾಲು ನೋಡಿ ಓಡಿಹೋದ ಅಂತ ಹೇಳು ಒಕ್ಜು, ಸಹಿಸ್ಕೋತೀನಿ. ಬೇರೆ ಜಾಗದಲ್ಲಿ ಅದೇ ಬೆಂಚು, ಅದೇ ಬಿದಿರು ಎಲ್ಲಿಂದ ಬರುತ್ತೆ?"

ಕೊನೆಗೆ ಅವಳ ಕೈ ಹಿಡಿದು ಎಳೆದುಕೊಂಡೇ ಬಂದೆ. ಮೊದಲು ಆರನೇ ಮೆಟ್ಟಿಲು ತೋರಿಸಿದೆ. ಆಮೇಲೆ ಎರಡು ತಿರುವು ದಾಟಿಸಿ ಒಂಬತ್ತರ ಕೆಳಗೆ ನಿಲ್ಲಿಸಿ, "ಈಗ ನೋಡಕ್ಕ," ಎಂದೆ.

ಅವಳು ಸುತ್ತ ನೋಡಿ ಸಿಡುಕಿದಳು. "ಏನೇ ಇದು, ಸುತ್ತಾಡಿಸಿ ಅಲ್ಲಿಗೇ ವಾಪಸ್ ತಂದ್ಯಲ್ಲ? ನಾನು ಅವತ್ತು ಕೂತಿದ್ದು ಇದೇ ಬೆಂಚು."

ನಾನು ಮೇಲಿನ ಹಲಗೆ ತೋರಿಸಿದೆ. ಅವಳು ಒಂಬತ್ತನ್ನು ಓದಿದಳು. ಬೆಂಚು ನೋಡಿದಳು, ಬಿದಿರು ಮುಟ್ಟಿದಳು, ಮತ್ತೆ ಹಲಗೆ ನೋಡಿದಳು. ಬೆಂಚಿನ ಮೇಲೆ ಮೆಲ್ಲಗೆ ಕೂತು, "ಹಾಗಾದ್ರೆ ಪಾಪ, ಅವರೂ ಕಾದಿದ್ರು," ಎಂದಳು. ಕೂದಲು ಸರಿಮಾಡಿಕೊಂಡು, "ಅವರ ಅಂಗಡಿ ಯಾವ ಕಡೆ?" ಎಂದು ಕೇಳಿದಳು.

ಹೇಳಲು ಬಾಯಿ ತೆರೆದೆ. ಎಡಕ್ಕೆ ನೋಡಿದರೆ ಬಿಳಿ ಗೋಡೆ ಮತ್ತು ಗಾಜು, ಬಲಕ್ಕೆ ನೋಡಿದರೂ ಅದೇ. ಇಷ್ಟು ವರ್ಷ ಅವನ ಎದುರಿಗೇ ಕೂತವಳು ನಾನು, ನನ್ನ ಅಂಗಡಿ ಯಾವ ಕಡೆ ಎಂಬುದೇ ನನಗೆ ತೋಚಲಿಲ್ಲ.

ಹೇಸುನ್ ನನ್ನ ಮುಖ ನೋಡಿ, ಎದ್ದು, ಈ ಸಲ ತಾನೇ ನನ್ನ ಕೈ ಹಿಡಿದಳು.

"ನಡಿ," ಎಂದಳು, "ಯಾರನ್ನಾದ್ರೂ ಕೇಳೋಣ."